ಬೇರಿಲ್ಲದ ಹುಲ್ಲು, ಉಸಿರಾಡುವ ಮಣ್ಣು

ಪ್ಲಾಸ್ಟಿಕ್ ಹುಲ್ಲು ಹಾಸಿದರೆ ನೀರು ಹಾಕುವ, ಕತ್ತರಿಸುವ ಕಾಟ ತಪ್ಪಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದೇನೋ ನಿಜ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು, ನಡುವೆ ಬಾಯಿ ಬಿಟ್ಟ ಜೋಡಣೆ! ಆಗ ಬೈಗುಳವೆಲ್ಲ ಹುಲ್ಲಿಗೆ. ಕೆಳಗಿರುವುದು ಜೇಡಿಮಣ್ಣಾದರೆ ಬಹುತೇಕ ತಪ್ಪು ಹುಲ್ಲಿನದಲ್ಲ.

ಜೇಡಿಯ ಕಣ 0.002 ಮಿ.ಮೀ.ಗಿಂತ ಚಿಕ್ಕದು. ಮರಳಿನಂತೆ ಉರುಟಲ್ಲ, ಚಪ್ಪಟೆ. ಇಸ್ಪೀಟಿನ ಕಟ್ಟಿನ ಹಾಗೆ ಪದರದ ಮೇಲೆ ಪದರ. ಎಲ್ಲ ಜೇಡಿಯೂ ಒಂದೇ ಥರ ಅಲ್ಲ. ಕೇಯೋಲಿನೈಟ್ ಎಂಬ ಖನಿಜದ ಪದರಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಅದು ಅಷ್ಟಾಗಿ ಉಬ್ಬುವುದಿಲ್ಲ. ಮಾಂಟ್‌ಮೊರಿಲೊನೈಟ್ ಮಾತ್ರ ಪದರಗಳ ಸಂದಿಗೇ ನೀರನ್ನು ಬಿಟ್ಟುಕೊಳ್ಳುತ್ತದೆ. ಅದರ ಒಂದು ಗ್ರಾಂನೊಳಗೆ ಅಡಗಿರುವ ಮೇಲ್ಮೈ ಹೆಚ್ಚುಕಡಿಮೆ 700 ಚದರ ಮೀಟರ್. ಅಷ್ಟು ಜಾಗಕ್ಕೆ ನೀರು ಅಂಟಿದರೆ ಮಣ್ಣು ಉಬ್ಬದೆ ಇನ್ನೇನು ಮಾಡೀತು? ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ದೊಡ್ಡದೊಂದು ಉಸಿರು ಎಳೆದು ಬಿಟ್ಟ ಹಾಗೆ.

ನಿಜವಾದ ಹುಲ್ಲಿಗೆ ಇದು ಅಷ್ಟು ದೊಡ್ಡ ಸಂಗತಿಯಲ್ಲ. ಅದರ ಬೇರು ನೀರು ಹೀರುತ್ತದೆ, ಮಣ್ಣಿನಲ್ಲಿ ದಾರಿ ಕೊರೆಯುತ್ತದೆ, ನೆಲ ಏರುಪೇರಾದರೂ ಮೇಲೆ ಹೊಸದಾಗಿ ಬೆಳೆದು ಮುಚ್ಚಿಬಿಡುತ್ತದೆ. ಪ್ಲಾಸ್ಟಿಕ್ ಹುಲ್ಲಿಗೆ ಆ ಭಾಗ್ಯ ಇಲ್ಲ. ಮೇಲಾಗಿ ಹಾಸು ಮುಚ್ಚಿರುವುದರಿಂದ ನಡುವಿನ ಮಣ್ಣು ನಿಧಾನವಾಗಿ ಒಣಗುತ್ತದೆ, ಅಂಚು ಬೇಗ ಒಣಗುತ್ತದೆ. ಅಂಚು ಕುಸಿದು ನಡು ಉಬ್ಬಿದಂತೆ ಕಾಣುವುದು ಹೀಗೆ. ಪಕ್ಕದಲ್ಲಿ ದೊಡ್ಡ ಮರ ಇದ್ದರೆ ಆ ಕಡೆ ಕುಸಿತ ಇನ್ನೂ ಜಾಸ್ತಿ.

1966ರಲ್ಲಿ ಕೃತಕ ಹುಲ್ಲನ್ನು ಲೋಕಪ್ರಸಿದ್ಧ ಮಾಡಿದ್ದು ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣ. ಕಣ್ಣು ಕೋರೈಸುತ್ತದೆ ಎಂದು ಅಲ್ಲಿನ ಪಾರದರ್ಶಕ ಚಾವಣಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು. ಪ್ಲಾಸ್ಟಿಕ್ ಬಂತು. ಆ ಹುಲ್ಲಿನ ತಲೆಯ ಮೇಲೆ ಚಾವಣಿ ಇತ್ತು, ಮಳೆಯ ಚಿಂತೆಯೇ ಇರಲಿಲ್ಲ. ನಮ್ಮ ಅಂಗಳದ ಹುಲ್ಲಿಗೆ ಮಳೆಯೇ ಎಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. 10 ಚದರ ಮೀಟರ್ ಜಾಗದಲ್ಲಿ ಗಂಟೆಗೆ 30 ಮಿ.ಮೀ. ಮಳೆ ಬಂದರೆ 300 ಲೀಟರ್ ನೀರು. ತೇವಗೊಂಡ ಜೇಡಿಮಣ್ಣು ಗಂಟೆಗೆ ಒಳಗೆ ಬಿಡುವುದು 1ರಿಂದ 5 ಮಿ.ಮೀ. ಅಷ್ಟೆ. ಅಂದರೆ ಹೆಚ್ಚೆಂದರೆ 50 ಲೀಟರ್. ಉಳಿದ 250 ಲೀಟರ್ ಎಲ್ಲಿಗೆ ಹೋಗಬೇಕು? ಹಾಸಿನ ತಳದಲ್ಲಿರುವ ತೂತುಗಳು ನೀರನ್ನು ಕೆಳಗಿಳಿಸುತ್ತವೆ, ಸರಿ. ಆಮೇಲೆ? ಜೇಡಿಯಲ್ಲಿ ಗುಂಡಿ ತೋಡಿ ಮರಳು ತುಂಬಿದ್ದರೆ ಅದು ನೆಲದೊಳಗಿನ ತೊಟ್ಟಿ. ನೀರು ಅಲ್ಲೇ ನಿಂತು ಸುತ್ತಲಿನ ಮಣ್ಣನ್ನು ನೆನೆಸುತ್ತದೆ. ಆದ್ದರಿಂದ ನೀರಿಗೆ ಪಕ್ಕದ ದಾರಿ ಬೇಕೇ ಬೇಕು. ಮೀಟರಿಗೆ 1–2 ಸೆಂ.ಮೀ. ವಾಟ, ತಗ್ಗಿನ ಅಂಚಿನಲ್ಲಿ ತೂತಿರುವ ಕೊಳವೆ, ಆ ಕೊಳವೆಗೊಂದು ಹೊರದಾರಿ. ನನ್ನ ಕೇಳಿದರೆ ದುಬಾರಿ ಹುಲ್ಲಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಇಲ್ಲಿಗೆ ಹೋಗಬೇಕು.

ಈಗ ರಿಪೇರಿ. ತಗ್ಗು ಬಿದ್ದ ಕಡೆ ಮೇಲಿಂದ ಮರಳು ಸುರಿದು ಮಟ್ಟ ಮಾಡುವುದು ಸುಮ್ನೆ ಕಣ್ಣೊರೆಸುವ ಕೆಲಸ. ಹತ್ತಿರದ ಅಂಚಿನಿಂದ ಹಾಸನ್ನು ಎಬ್ಬಿಸಿ, ಜಲ್ಲಿ ತೆಗೆದು, ಮೊದಲು ಮಣ್ಣಿನ ಬಣ್ಣ ನೋಡಿ. ಕೆಂಪು, ಕಂದು ಇದ್ದರೆ ಗಾಳಿ ಆಡುತ್ತಿದೆ. ಬೂದು ನೀಲಿ ತೇಪೆಗಳಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ನೀರು ತಿಂಗಳುಗಟ್ಟಲೆ ನಿಂತಿದೆ ಎಂದರ್ಥ. ಗಾಳಿ ಸಿಗದ ಬ್ಯಾಕ್ಟೀರಿಯಾಗಳು ಮಣ್ಣಿನ ಕಬ್ಬಿಣದಿಂದಲೂ ಸಲ್ಫೇಟಿನಿಂದಲೂ ಉಸಿರಾಟದ ಕೆಲಸ ಸಾಗಿಸಿಕೊಂಡಿರುತ್ತವೆ. ಬಣ್ಣ ಕೆಡುವುದು, ವಾಸನೆ ಹುಟ್ಟುವುದು ಅದರಿಂದಲೇ. ಹೀಗಿದ್ದರೆ ಮೊದಲು ನೀರಿನ ದಾರಿ ಸರಿಪಡಿಸಿ. ಗುಂಡಿ ತುಂಬುವ ಮಾತು ಆಮೇಲೆ.

ಮೆತ್ತಗಾದ ಕೆಸರನ್ನು ಪೂರ್ತಿ ತೆಗೆಯಿರಿ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಇದು. ಇಲ್ಲದಿದ್ದರೆ ತುಳಿದಷ್ಟೂ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಮೇಲೇರುತ್ತದೆ. ಅದರ ಮೇಲೆ ಜಲ್ಲಿಯನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ ಕುಟ್ಟಿ ಗಟ್ಟಿ ಮಾಡಿ. ಕಡು ಬೇಸಿಗೆಯಲ್ಲಿ ಈ ಕೆಲಸ ಬೇಡ. ಬಿರುಕು ಬಾಯಿ ತೆರೆದಾಗ ಅದರೊಳಗೆ ಮರಳು ತುಂಬಿದರೆ, ಮಳೆ ಬಂದಾಗ ಉಬ್ಬುವ ಮಣ್ಣಿಗೆ ಆ ಜಾಗ ಸಿಗುವುದಿಲ್ಲ. ಮೇಲಕ್ಕೆ ಎದ್ದೇಳುತ್ತದೆ. ಮಣ್ಣು ಹದವಾಗಿ ತೇವ ಇರುವ ದಿನಗಳೇ ಸರಿ.

ಬಿಟ್ಟ ಜೋಡಣೆಗೆ ಹಳೆ ಅಂಟನ್ನು ಕೆರೆದು, ಕೆಳಗೆ ಹೊಸ ಪಟ್ಟಿ ಹಾಕಿ, ಅಂಟಿಸಿ, ಒಣಗುವವರೆಗೆ ಭಾರ ಇಡಬೇಕು. ತೇಪೆ ಹಾಕುವುದಾದರೆ ಎಳೆಗಳು ಒಂದೇ ದಿಕ್ಕಿಗೆ ವಾಲಿರಲಿ. ಇಲ್ಲದಿದ್ದರೆ ಬಣ್ಣವೇ ಬೇರೆ ಕಾಣುತ್ತದೆ. ಎಳೆಗಳ ನಡುವಿನ ಸಿಲಿಕಾ ಮರಳು ಹಾಸನ್ನು ಭಾರದಿಂದ ಹಿಡಿದಿಡುತ್ತದೆ, ಎಳೆಗಳನ್ನು ನಿಲ್ಲಿಸುತ್ತದೆ. ರಿಪೇರಿ ಆದ ಕಡೆ ಅದನ್ನು ಮರೆಯದೆ ಮತ್ತೆ ತುಂಬಿ, ವಾಲಿದ ದಿಕ್ಕಿಗೆ ಎದುರಾಗಿ ಗಟ್ಟಿ ನೈಲಾನ್ ಬ್ರಶ್‌ನಿಂದ ಎತ್ತಿ. ತರಗೆಲೆಗಳನ್ನು ಆಗಾಗ ಗುಡಿಸಿ. ಹೆಚ್ಚಿನ ಕಳೆ ಕೆಳಗಿಂದ ಬರುವುದಿಲ್ಲ, ಗಾಳಿ ತಂದ ಬೀಜ ಮೇಲಿನ ಧೂಳಿನಲ್ಲೇ ಮೊಳೆಯುತ್ತದೆ.

ನಾಯಿ ಇರುವ ಮನೆಯಲ್ಲಿ ಇನ್ನೊಂದು ತಲೆನೋವು ಇದೆ ಅಲ್ವಾ? ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಮೂಗಿಗೆ ಬಡಿಯುವುದು ಅದೇ. ಧಾರಾಳ ನೀರು, ಆಮೇಲೆ ನೀರು ಬೆರೆಸಿದ ವಿನೆಗರ್ ಸಾಕು. ಅದರ ಆಮ್ಲ ಅಮೋನಿಯಾವನ್ನು ಲವಣವಾಗಿ ಕಟ್ಟಿಹಾಕುತ್ತದೆ. ಬ್ಲೀಚ್ ಮಾತ್ರ ಬೇಡವೇ ಬೇಡ. ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್. ಎರಡೂ ಶ್ವಾಸಕೋಶಕ್ಕೆ ಕೆಟ್ಟವು. ಚೆನ್ನಾಗಿ ತೊಳೆದ ಮೇಲೂ, ನಾಯಿ ಆ ಕಡೆ ಸುಳಿಯದಿದ್ದರೂ, ವಾರದೊಳಗೆ ಅದೇ ಜಾಗದಲ್ಲಿ ವಾಸನೆ ಮರಳಿ ಬಂದರೆ ತೊಳೆದ ನೀರು ಇಳಿದು ಹೋಗಿಲ್ಲ, ಅಲ್ಲೇ ಕೆಳಗೆ ನಿಂತಿದೆ. ಹಾಸಿನ ಅಂಚು ಎಬ್ಬಿಸಿ ಮಣ್ಣಿನ ಬಣ್ಣ ನೋಡುವ ಕೆಲಸ ಮತ್ತೆ ಶುರು.