ಕಡ್ಡಾಯ ಸೇನಾ ಸೇವೆ ಇದ್ದರೆ ದೇಶಕ್ಕೆ ದುಡ್ಡು ಉಳಿಯುತ್ತದೆಯೇ?

ಪ್ರಶ್ನೆ: ಫಿನ್ಲೆಂಡ್‌ನ ಜನಸಂಖ್ಯೆ ಪಕ್ಕದ ಸ್ವೀಡನ್‌ನ ಅರ್ಧದಷ್ಟು. ಆದರೂ ಯುದ್ಧ ಬಂದರೆ 2,80,000 ಸೈನಿಕರನ್ನು ನಿಲ್ಲಿಸುತ್ತೇವೆ ಅನ್ನುತ್ತದೆ. ಅಷ್ಟು ಜನರನ್ನು ಸಾಕಲು ದುಡ್ಡು ಎಲ್ಲಿಂದ ಬರುತ್ತದೆ?

ಉತ್ತರ: ಸಾಕುವುದೇ ಇಲ್ಲ, ಅದೇ ಗುಟ್ಟು. ಆ 2,80,000 ಜನರಲ್ಲಿ ಬಹುಪಾಲು ಮೇಷ್ಟ್ರು, ಡ್ರೈವರ್, ಎಂಜಿನಿಯರ್ ಹೀಗೆ ಅವರವರ ಕೆಲಸದಲ್ಲಿ ಇರುವವರು. ಅಲ್ಲಿ 18 ತುಂಬಿದ ಗಂಡುಮಕ್ಕಳಿಗೆ ಸೇವೆ ಕಡ್ಡಾಯ. ಹೊಣೆಗೆ ತಕ್ಕಂತೆ 165, 255 ಇಲ್ಲವೇ 347 ದಿನ. ಹೆಣ್ಣುಮಕ್ಕಳಿಗೆ 1995ರಿಂದ ಅವಕಾಶ ಇದೆ, ಬಲವಂತ ಇಲ್ಲ. ಊಟ, ವಸತಿ, ಔಷಧಿ ಸರ್ಕಾರದ್ದು. ಕೈಗೆ ಸಿಗುವುದು ಸಂಬಳವಲ್ಲ, ಭತ್ಯೆ. ಶುರುವಿನ ತಿಂಗಳುಗಳಲ್ಲಿ ದಿನಕ್ಕೆ ಐದಾರು ಯೂರೋ, ಅಷ್ಟೇ. ತರಬೇತಿ ಮುಗಿಸಿ ಮನೆಗೆ ಹೋದವರು ಮೀಸಲು ಪಡೆಯ ಪಟ್ಟಿಯಲ್ಲಿ ಇರುತ್ತಾರೆ.

ನಮ್ಮ ಲೆಕ್ಕ ಪಕ್ಕಕ್ಕಿಟ್ಟು ನೋಡಿ. 2024-25ರಲ್ಲಿ ಭಾರತದ ರಕ್ಷಣಾ ಬಜೆಟ್ ಸುಮಾರು 6.21 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.41 ಲಕ್ಷ ಕೋಟಿ. ನಮ್ಮದು ಸ್ವಇಚ್ಛೆಯಿಂದ ಸೇರುವ, ಸಂಬಳದ ಸೇನೆ. ಫಿನ್ಲೆಂಡ್‌ನಲ್ಲಿ ಕಡ್ಡಾಯ ಸೇವೆ ಮುಗಿಸಿದ ಹುಡುಗನಿಗೆ ಸೇನಾ ಪಿಂಚಣಿ ಇಲ್ಲ.

ಹಾಗಾದರೆ ಅಗ್ಗವೇ ಅಲ್ವಾ? ಮದುವೆ ಮನೆಯಲ್ಲಿ ನೆಂಟರೇ ಬಡಿಸಿದರೆ ಕ್ಯಾಟರಿಂಗ್ ಬಿಲ್ ಇಳಿಯುತ್ತದೆ. ಆದರೆ ನೆಂಟರು ಆ ದಿನದ ಕೆಲಸ ಬಿಟ್ಟು ಬಂದಿರುತ್ತಾರೆ. ಇಲ್ಲೂ ಹಾಗೇ. ವರ್ಷಕ್ಕೆ 20 ಸಾವಿರಕ್ಕೂ ಹೆಚ್ಚು ಯುವಕರ ಓದು, ದುಡಿಮೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಈ ನಷ್ಟ ರಕ್ಷಣಾ ಬಜೆಟ್‌ನಲ್ಲಿ ಕಾಣುವುದಿಲ್ಲ. ನನ್ನ ಪ್ರಕಾರ ಇದೂ ತೆರಿಗೆಯೇ. ಒಂದೇ ವಯಸ್ಸಿನವರು, ಅದರಲ್ಲೂ ಗಂಡುಮಕ್ಕಳು ಮಾತ್ರ ಕಟ್ಟುವ ತೆರಿಗೆ. ಬಾಡಿಗೆ ಮನೆಯಲ್ಲಿದ್ದವರಿಗೆ ಬಾಡಿಗೆ ನೆರವು ಸಿಗುತ್ತದೆ, ಅದೂ ರಕ್ಷಣಾ ಇಲಾಖೆಯಿಂದಲ್ಲ, ಸಾಮಾಜಿಕ ಭದ್ರತೆಯ ಸಂಸ್ಥೆಯಿಂದ!

ಸ್ವೀಡನ್ ಬೇರೆ ದಾರಿ ಹಿಡಿದು ನೋಡಿತು. 2010ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿತು. ಸಂಬಳ ಕೊಟ್ಟು ಕರೆದರೂ ಸಾಕಷ್ಟು ಜನ ಬರಲಿಲ್ಲ. ಅಷ್ಟರಲ್ಲಿ ರಷ್ಯಾ 2014ರಲ್ಲಿ ಉಕ್ರೇನ್‌ನ ಕ್ರೈಮಿಯಾವನ್ನು ನುಂಗಿತ್ತು. 2017ರಲ್ಲಿ ಕಡ್ಡಾಯ ಸೇವೆ ವಾಪಸ್ ಬಂತು, ಈ ಸಲ ಹೆಣ್ಣುಮಕ್ಕಳಿಗೂ ಸೇರಿ. ಆದರೆ ಫಿನ್ಲೆಂಡ್‌ನಂತೆ ಎಲ್ಲರನ್ನೂ ಕರೆಯುವುದಿಲ್ಲ, ಬೇಕಾದಷ್ಟು ಜನರನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಇನ್ನು ಒಟ್ಟು ಖರ್ಚು. ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ ನ್ಯಾಟೋದ 2024ರ ಅಂದಾಜಿನಂತೆ ಜಿಡಿಪಿಯಲ್ಲಿ ಫಿನ್ಲೆಂಡ್ ಸುಮಾರು ಶೇ 2.4, ಸ್ವೀಡನ್ ಶೇ 2.1. ಅಂದರೆ ಕಡ್ಡಾಯ ಸೇವೆ ಜಾಸ್ತಿ ಇರುವ ದೇಶದ ಪಾಲೇ ಜಾಸ್ತಿ! ಕಾರಣ ಯಂತ್ರಗಳು. ಫಿನ್ಲೆಂಡ್ 2021ರ ಡಿಸೆಂಬರ್‌ನಲ್ಲಿ 64 ಎಫ್-35 ಯುದ್ಧವಿಮಾನ ಆರಿಸಿಕೊಂಡಿತು. ಅದಕ್ಕೆ ತೆಗೆದಿಟ್ಟದ್ದು ಸುಮಾರು 1,000 ಕೋಟಿ ಯೂರೋ. ಹುಡುಗರನ್ನು ಕಡಿಮೆ ಭತ್ಯೆಗೆ ಕರೆಯಬಹುದು, ವಿಮಾನಕ್ಕೆ ಪೂರ್ತಿ ಬೆಲೆ ಕೊಡಲೇಬೇಕು.

ಅಂದಹಾಗೆ, ಫಿನ್ಲೆಂಡ್ ಪೌರತ್ವ ಪಡೆದು ಅಲ್ಲೇ ನೆಲೆಸಿದ ಕನ್ನಡಿಗರ ಗಂಡುಮಕ್ಕಳಿಗೂ 18ಕ್ಕೆ ಇದೇ ಕರೆ ಬರುತ್ತದೆ.