ಮೆಚ್ಚಿನ ಸಿಟ್‌ಕಾಮ್ ಮತ್ತೆ ಬರುತ್ತೆ ಅಂದರೆ ಬ್ರಿಟನ್ನಿನ ಅಭಿಮಾನಿಗಳು ಹೆದರುವುದು ಯಾಕೆ?

ಓದುಗರ ಪ್ರಶ್ನೆ: ಬ್ರಿಟನ್ನಿನ ಹಳೇ ಸಿಟ್‌ಕಾಮ್ (ಟಿವಿಯ ಹಾಸ್ಯ ಧಾರಾವಾಹಿ) ಒಂದು ಮತ್ತೆ ಬರುತ್ತೆ ಅಂತ ಸುದ್ದಿಯಾದಾಗಲೆಲ್ಲ ಅದರ ಅಭಿಮಾನಿಗಳೇ ‘ಬೇಡಪ್ಪಾ, ಇದ್ದ ಹಾಗೇ ಇರಲಿ ಬಿಡಿ’ ಅನ್ನುತ್ತಾರೆ. ಇಷ್ಟಪಟ್ಟವರೇ ಬೇಡ ಅನ್ನೋದು ಯಾಕೆ? ಹಾಗಿದ್ದರೆ ‘ಗ್ಯಾವಿನ್ ಅಂಡ್ ಸ್ಟೇಸಿ’ ಮತ್ತೆ ಬಂದಾಗ ಅಷ್ಟು ಪ್ರೀತಿ ಸಿಕ್ಕಿದ್ದು ಹೇಗೆ?

ಬೇಡ ಅನ್ನುವವರೇ ಆ ದಿನ ಎಲ್ಲರಿಗಿಂತ ಮುಂಚೆ ಟಿವಿ ಮುಂದೆ ಕೂತಿರುತ್ತಾರೆ, ಅದು ಬೇರೆ ಮಾತು. ಆದರೂ ಅವರ ಭಯ ನಾಟಕವಲ್ಲ. ಬ್ರಿಟಿಷ್ ಸಿಟ್‌ಕಾಮ್‌ಗಳು ಸಾಮಾನ್ಯವಾಗಿ ಸೊರಗಿ ನಿಲ್ಲುವುದಿಲ್ಲ, ಬರೆದವರೇ ನಿಲ್ಲಿಸುತ್ತಾರೆ. ಅಂಥ ಮುಕ್ತಾಯವನ್ನು ಕೆಡವದೆ ಕಥೆ ಮತ್ತೆ ಶುರುವಾಗುವುದಿಲ್ಲ. ಅಭಿಮಾನಿಗಳಿಗೆ ಹೊಟ್ಟೆ ಉರಿಯುವುದು ಅಲ್ಲೇ.

ಲೆಕ್ಕ ನೋಡಿ. ಬ್ರಿಟನ್ನಿನಲ್ಲಿ ಒಂದು ಸೀರೀಸ್ ಅಂದರೆ ಹೆಚ್ಚಾಗಿ 6 ಕಂತು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದ ‘ಫಾಲ್ಟಿ ಟವರ್ಸ್’ 1975ರಲ್ಲಿ 6, 1979ರಲ್ಲಿ 6, ಒಟ್ಟು 12 ಕಂತು. ಅಷ್ಟರಲ್ಲೇ ಅದು ಆ ದೇಶದ ಹಾಸ್ಯಕ್ಕೆ ಅಳತೆಗೋಲಾಗಿ ಕೂತುಬಿಟ್ಟಿತು. ‘ದಿ ಆಫೀಸ್’ ಕೂಡ 12 ಕಂತು, ಅದರ ಮೇಲೆ 2003ರ ಕ್ರಿಸ್‌ಮಸ್‌ಗೆ ಎರಡು ಭಾಗದ ಸ್ಪೆಷಲ್. ಅದೇ ‘ಆಫೀಸ್’ ಅಮೆರಿಕಕ್ಕೆ ಹೋಗಿ ಒಂಬತ್ತು ಸೀಸನ್ ಓಡಿತು. ಅಲ್ಲಿ ಹತ್ತಾರು ಬರಹಗಾರರು ಒಂದು ಕೋಣೆಯಲ್ಲಿ ಕೂತು ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಕಂತು ಬರೆಯುತ್ತಾರೆ. ಬ್ರಿಟನ್ನಿನಲ್ಲಿ ಒಬ್ಬರು, ಇಲ್ಲಾ ಇಬ್ಬರು ಇಡೀ ಸೀರೀಸ್ ಬರೆಯುತ್ತಾರೆ. ಅವರಿಗೆ ಸಾಕು ಅನ್ನಿಸಿದರೆ ಸಾಕು. ಸಾವಿರ ಕಂತಿನ ಧಾರಾವಾಹಿ ನೋಡಿ ಬೆಳೆದ ನಮಗೆ ಇದು ಒಂಥರಾ ಜಿಪುಣತನ ಅನ್ನಿಸಬಹುದು.

ಕಂತು ಇಷ್ಟು ಕಡಿಮೆ ಇದ್ದಾಗ ಅಭಿಮಾನಿಗಳು ಒಂದೊಂದನ್ನೂ ಮತ್ತೆ ಮತ್ತೆ ನೋಡುತ್ತಾರೆ. ಯಾವ ಮಾತಿಗೆ ಯಾರು ಹುಬ್ಬೇರಿಸುತ್ತಾರೆ ಅನ್ನುವುದೂ ಬಾಯಿಪಾಠ. ಕೊನೆಯ ದೃಶ್ಯವಂತೂ ಅವರ ಮನೆಯ ಆಸ್ತಿ. ಅದರ ಮೇಲೆ ಬರೆದವರೇ ಬಂದು ಕೈ ಇಟ್ಟರೂ ಸಿಟ್ಟು ಬರುತ್ತದೆ.

ಹೀಗೆ ಒಮ್ಮೆ ಕೈ ಸುಟ್ಟುಕೊಂಡ ಕಥೆಯೂ ಇದೆ. ಅದು ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’. ಜಾನ್ ಸಲಿವನ್ ಬರೆದ ಈ ಸಿಟ್‌ಕಾಮ್ 1981ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಲಂಡನ್ನಿನ ಪೆಕಮ್‌ನಲ್ಲಿ ಡೆಲ್ ಬಾಯ್ ಮತ್ತು ರಾಡ್ನಿ ಅಂತ ಇಬ್ಬರು ಅಣ್ಣತಮ್ಮ. ಮೂರು ಚಕ್ರದ ಹಳದಿ ವ್ಯಾನಿನಲ್ಲಿ ಕಳ್ಳಮಾಲು, ಕೆಟ್ಟಮಾಲು ಏನು ಸಿಕ್ಕರೂ ಮಾರುತ್ತಾರೆ. ಮುಂದಿನ ವರ್ಷ ಈ ಹೊತ್ತಿಗೆ ನಾವು ಲಕ್ಷಾಧೀಶ್ವರರು ಅನ್ನುವುದು ಡೆಲ್‌ನ ನಿತ್ಯಮಂತ್ರ. 1996ರ ಡಿಸೆಂಬರ್ 29ರ ಕಂತಿನಲ್ಲಿ ಆ ಮಂತ್ರ ಫಲಿಸಿಯೇಬಿಟ್ಟಿತು. ಗ್ಯಾರೇಜಿನಲ್ಲಿ ಎಷ್ಟೋ ವರ್ಷದಿಂದ ಧೂಳು ತಿನ್ನುತ್ತಿದ್ದ ಗಡಿಯಾರ 18ನೇ ಶತಮಾನದ ಹೆಸರಾಂತ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಮಾಡಿದ್ದು ಅಂತ ಗೊತ್ತಾಗುತ್ತದೆ. ಹರಾಜಿನಲ್ಲಿ 62 ಲಕ್ಷ ಪೌಂಡಿಗೆ ಹೋಗುತ್ತದೆ. ಬೆಲೆ ಏರುತ್ತಿದ್ದ ಹಾಗೆ ಅಣ್ಣತಮ್ಮ ಇಬ್ಬರೂ ತಲೆ ತಿರುಗಿ ಬೀಳುತ್ತಾರೆ. ಕೊನೆಗೆ ಮುಳುಗುವ ಸೂರ್ಯನ ಕಡೆಗೆ ನಡೆದು ಹೋಗುತ್ತಾರೆ. ಅವತ್ತು ಅದನ್ನು ನೋಡಿದವರು 2 ಕೋಟಿ 43 ಲಕ್ಷ ಜನ. ಆಗ ಇಡೀ ಬ್ರಿಟನ್ನಿನ ಜನಸಂಖ್ಯೆ ಸುಮಾರು 5.8 ಕೋಟಿ. ಆ ದೇಶದ ಯಾವ ಸಿಟ್‌ಕಾಮಿಗೂ ಅಷ್ಟು ನೋಡುಗರು ಮತ್ತೆ ಸಿಗಲಿಲ್ಲ.

ಐದು ವರ್ಷ ಬಿಟ್ಟು, 2001ರ ಕ್ರಿಸ್‌ಮಸ್ ದಿನ, ಅದು ಮತ್ತೆ ಬಂತು. ಬರಬೇಕಾದರೆ ಡೆಲ್ ಮತ್ತೆ ಬಡವನಾಗಬೇಕಲ್ವಾ? ದುಡ್ಡಿದ್ದವನು ಪೆಕಮ್ ಸಂತೆಯಲ್ಲಿ ಯಾಕೆ ನಿಲ್ಲುತ್ತಾನೆ? ಹಾಗಾಗಿ ಮಧ್ಯ ಅಮೆರಿಕದ ಷೇರುಪೇಟೆ ಕುಸಿದು ಇದ್ದಬದ್ದ ದುಡ್ಡೆಲ್ಲ ಮಣ್ಣುಪಾಲಾಯಿತು ಅಂತ ಕಥೆ ಮಾಡಿದರು. ಮತ್ತೆ ಅದೇ ಹಳೇ ಫ್ಲ್ಯಾಟು. ಅಷ್ಟರಲ್ಲಿ ಅಂಕಲ್ ಆಲ್ಬರ್ಟ್ ಪಾತ್ರದ ಬಸ್ಟರ್ ಮೆರಿಫೀಲ್ಡ್ ತೀರಿಕೊಂಡಿದ್ದರು. ಪಬ್ಬಿನ ಮೈಕ್ ಪಾತ್ರ ಮಾಡುತ್ತಿದ್ದ ಕೆನೆತ್ ಮೆಕ್‌ಡೊನಾಲ್ಡ್ ಕೂಡ ಇರಲಿಲ್ಲ. ಆಲ್ಬರ್ಟ್‌ನ ಅಂತ್ಯಕ್ರಿಯೆಗೆ ಅಂತ ಹೋದವರು ಯಾರದೋ ಬೇರೆ ಆಲ್ಬರ್ಟ್‌ನ ಅಂತ್ಯಕ್ರಿಯೆಯಲ್ಲಿ ನಿಂತುಬಿಡುವ ದೃಶ್ಯ ಇದೆ. ಅದು ಅಪ್ಪಟ ಸಲಿವನ್, ನನಗೆ ಈಗಲೂ ನಗು ಬರುತ್ತದೆ. 2 ಕೋಟಿಗೂ ಜಾಸ್ತಿ ಜನ ನೋಡಿದರು. ಅಂದರೆ ಸೋತಿತು ಅನ್ನುವ ಹಾಗಿಲ್ಲ. ಆದರೂ ಅಭಿಮಾನಿಗಳ ಮಾತು ಇವತ್ತಿಗೂ ಒಂದೇ: ಆ ಗಡಿಯಾರದ ದುಡ್ಡು ಅವರ ಹತ್ತಿರವೇ ಇರಬೇಕಿತ್ತು. 1996ರ ಕಂತಿಗೇ ನಿಲ್ಲಿಸಿ, ಮುಂದಿನ ಮೂರು ಇಲ್ಲವೇ ಇಲ್ಲ ಅಂತ ನಟಿಸುವವರೂ ಇದ್ದಾರೆ. ಆಮೇಲೆ ಯಾವ ಸಿಟ್‌ಕಾಮ್ ವಾಪಸ್ ಬರುತ್ತೆ ಅಂದರೂ ಎದೆ ಧಸಕ್ ಅನ್ನುವುದು ಇದೇ ಕಾರಣಕ್ಕೆ.

ಈಗ ‘ಗ್ಯಾವಿನ್ ಅಂಡ್ ಸ್ಟೇಸಿ’ಗೆ ಬರೋಣ. ಬರೆದವರು ಜೇಮ್ಸ್ ಕಾರ್ಡನ್ ಮತ್ತು ರೂತ್ ಜೋನ್ಸ್. 2007ರ ಮೇನಲ್ಲಿ ಬಿಬಿಸಿ ತ್ರೀ ಅನ್ನುವ ಸಣ್ಣ ಚಾನೆಲ್‌ನಲ್ಲಿ ಸದ್ದಿಲ್ಲದೆ ಶುರುವಾಯಿತು. ಹುಡುಗ ಗ್ಯಾವಿನ್ ಇಂಗ್ಲೆಂಡಿನ ಎಸೆಕ್ಸ್‌ನ ಬಿಲರಿಕಿಯವನು. ಹುಡುಗಿ ಸ್ಟೇಸಿ ದಕ್ಷಿಣ ವೇಲ್ಸ್‌ನ ಬ್ಯಾರಿ ಅನ್ನುವ ಕಡಲೂರಿನವಳು. ಆಫೀಸಿನ ಕೆಲಸಕ್ಕೆ ಫೋನ್ ಮಾಡಿ ಮಾಡಿ ಪ್ರೀತಿಯಾಗಿದೆ. ಮೊದಲ ಸೀರೀಸಿನಲ್ಲೇ ಮದುವೆಯೂ ಆಗಿಹೋಗುತ್ತದೆ. ಆಮೇಲೆ ಕಥೆ ಏನು ಅಂದರೆ, ಏನೂ ಇಲ್ಲ. ಎರಡು ಕುಟುಂಬ, ಬೀಗರು, ಮಧ್ಯೆ ಉದ್ದದ ರಸ್ತೆ, ಹೋಗೋದು ಬರೋದು.

ಆದರೆ ಎಲ್ಲರೂ ಹಿಡಿದುಕೊಂಡಿದ್ದು ಇನ್ನೊಂದು ಜೋಡಿಯನ್ನು. ಗ್ಯಾವಿನ್‌ನ ಗೆಳೆಯ ಸ್ಮಿಥಿ, ಸ್ಟೇಸಿಯ ಗೆಳತಿ ನೆಸ. ಈ ಎರಡು ಪಾತ್ರ ಮಾಡಿದವರು ಬರೆದವರೇ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಲ್ಲ, ಬಿಟ್ಟಿರಲೂ ಆಗಲ್ಲ, ಮಧ್ಯೆ ಒಂದು ಮಗು. ಸ್ಮಿಥಿ ಹೊಟ್ಟೆಬಾಕ. ಒಂದು ದೃಶ್ಯದಲ್ಲಿ ಮನೆಯವರೆಲ್ಲ ಕೂತು ಇಂಡಿಯನ್ ಊಟ ತರಿಸುತ್ತಾರೆ. ಸ್ಮಿಥಿ ಹೇಳುವ ಪಟ್ಟಿ: ಚಿಕನ್ ಭುನಾ, ಲ್ಯಾಂಬ್ ಭುನಾ, ಪ್ರಾನ್ ಭುನಾ, ಮಶ್ರೂಮ್ ರೈಸ್, ಒಂದು ಪೊಟ್ಟಣ ಚಿಪ್ಸ್, ಕೀಮಾ ನಾನ್, ಮತ್ತೆ ಒಂಬತ್ತು ಹಪ್ಪಳ. ಇಷ್ಟೂ ಒಬ್ಬನಿಗೆ. ಬಾಂಗ್ಲಾ ಮೂಲದವರು ಬ್ರಿಟನ್ ತುಂಬ ನಡೆಸುವ ಕರಿ ಹೋಟೆಲುಗಳ ಮೆನು ಕಾರ್ಡು ಇದು, ನಮ್ಮೂರ ದರ್ಶಿನಿಯ ಬೋರ್ಡಿನಲ್ಲಿ ಹುಡುಕಬೇಡಿ. ಮೂರು ಭುನಾ ಒಟ್ಟಿಗೆ ತರಿಸುವವನ ಗಾಂಭೀರ್ಯ ಇದೆಯಲ್ಲ, ನಗು ಇರುವುದು ಅದರಲ್ಲಿ. ಅಭಿಮಾನಿಗಳು ಈ ಪಟ್ಟಿಯನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾರೆ.

2010ರ ಜನವರಿ 1ಕ್ಕೆ ಮೂರು ಸೀರೀಸ್, ಒಂದು ಕ್ರಿಸ್‌ಮಸ್ ಸ್ಪೆಷಲ್, ಒಟ್ಟು 20 ಕಂತು ಮುಗಿಸಿ ಎದ್ದರು. ಅಷ್ಟು ಹೊತ್ತಿಗೆ ಅದು ಬಿಬಿಸಿ ಒನ್‌ಗೆ ಬಡ್ತಿ ಪಡೆದಿತ್ತು, ನೋಡುಗರು 1 ಕೋಟಿ ಮುಟ್ಟಿದ್ದರು. ಕಾರ್ಡನ್ 2015ರಲ್ಲಿ ಅಮೆರಿಕಕ್ಕೆ ಹೋಗಿ ರಾತ್ರಿಯ ಟಾಕ್ ಷೋ ನಡೆಸತೊಡಗಿದರು. ಇನ್ನು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಹೀಗಿರುವಾಗ 2019ರ ಮೇನಲ್ಲಿ, ಕ್ರಿಸ್‌ಮಸ್‌ಗೆ ಒಂದು ಸ್ಪೆಷಲ್ ಮಾಡುತ್ತಿದ್ದೇವೆ ಅಂತ ಪ್ರಕಟಣೆ ಬಂತು. ಖುಷಿ ಒಂದು ಕಡೆ, ‘ಓನ್ಲಿ ಫೂಲ್ಸ್ ಆಗದಿದ್ದರೆ ಸಾಕು’ ಅನ್ನುವ ಹರಕೆ ಇನ್ನೊಂದು ಕಡೆ.

ಆದರೆ ಇಲ್ಲಿ ಒಂದು ವ್ಯತ್ಯಾಸ ಇತ್ತು. ಗ್ಯಾವಿನ್ ಮತ್ತು ಸ್ಟೇಸಿಯ ಕಥೆ ಮುಗಿದಿತ್ತು. ಸ್ಮಿಥಿ ಮತ್ತು ನೆಸ ಕಥೆ ಮುಗಿದಿರಲಿಲ್ಲ. ಮಗು ಇದೆ, ಮದುವೆ ಇಲ್ಲ. ಬರಹಗಾರರು ಮುಚ್ಚಿದ ಬಾಗಿಲು ಒಡೆಯಲಿಲ್ಲ, ತೆರೆದಿದ್ದ ಬಾಗಿಲಿನಿಂದ ಒಳಗೆ ಬಂದರು. ಯಾರ ದುಡ್ಡನ್ನೂ ಷೇರುಪೇಟೆಯಲ್ಲಿ ಮುಳುಗಿಸುವ ಅಗತ್ಯ ಬೀಳಲಿಲ್ಲ. ಕಂತಿನ ಕೊನೆಯಲ್ಲಿ ನೆಸ ನಡುರಸ್ತೆಯಲ್ಲಿ ಒಂದು ಮಂಡಿಯೂರಿ ಸ್ಮಿಥಿಯನ್ನು ಮದುವೆಯಾಗುತ್ತೀಯಾ ಅಂತ ಕೇಳುತ್ತಾಳೆ. ಯಾವತ್ತೂ ಯಾರಿಗೂ ಬಗ್ಗದವಳು ಆಕೆ. ಅವನ ಉತ್ತರ ಬರುವ ಮೊದಲೇ ಕಂತು ಮುಗಿಯಿತು. ಎಂಥಾ ಕಿಡಿಗೇಡಿತನ! ಸುಖಾಂತ್ಯಕ್ಕೆ ಅಂತ ಕೂತವರಿಗೆ ಇನ್ನೂ ಐದು ವರ್ಷದ ಕಾಯುವಿಕೆ ಕೊಟ್ಟು ಕಳಿಸಿದರು. ಅವತ್ತು ರಾತ್ರಿಯೇ 1 ಕೋಟಿ 16 ಲಕ್ಷ ಜನ ನೋಡಿದ್ದರು. ಎಲ್ಲರೂ ಹೊಗಳಿದರು ಅಂತಲ್ಲ. ಒಂದು ಹಳೇ ಕ್ರಿಸ್‌ಮಸ್ ಹಾಡಿನಲ್ಲಿರುವ, ಸಲಿಂಗಿಗಳನ್ನು ಹೀಯಾಳಿಸುವ ಪದವನ್ನು ಹಾಗೇ ಹಾಡಿಸಿದ್ದಕ್ಕೆ ನೂರಾರು ದೂರು ಹೋದವು.

2024ರ ಮೇನಲ್ಲಿ ಕಾರ್ಡನ್ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರಕಥೆಯ ಮೊದಲ ಪುಟದ ಫೋಟೊ ಹಾಕಿದರು. ಅದರ ಮೇಲೆ ‘ದಿ ಫಿನಾಲೆ’ ಅಂತ ಇತ್ತು. ಇದು ಬಹಳ ಜಾಣತನದ ಕೆಲಸ ಅಂತ ನನ್ನ ಲೆಕ್ಕ. ಇನ್ನೆಷ್ಟು ಎಳೆಯುತ್ತಾರೋ ಅನ್ನುವ ಭಯವನ್ನು ಹೆಸರಲ್ಲೇ ಕಳೆದುಬಿಟ್ಟರು. ಆ ಬೇಸಿಗೆ ಕಳೆದು ಬ್ಯಾರಿಯಲ್ಲಿ ಶೂಟಿಂಗ್ ನಡೆದಾಗ ರಸ್ತೆ ತುಂಬ ಜನ. ಸ್ಟೇಸಿಯ ಮನೆ ಇರುವ ಟ್ರಿನಿಟಿ ಸ್ಟ್ರೀಟ್‌ಗೆ ವರ್ಷಗಳಿಂದಲೂ ಅಭಿಮಾನಿಗಳು ಬರುತ್ತಲೇ ಇದ್ದರು. ಬ್ಯಾರಿ ಐಲೆಂಡಿನಲ್ಲಿ ನೆಸ ಕೂರುವ ಜೂಜಿನ ಯಂತ್ರಗಳ ಅಂಗಡಿ, ಸ್ಟೇಸಿ ಕೆಲಸ ಮಾಡುವ ಮಾರ್ಕೋಸ್ ಕೆಫೆ ಎಲ್ಲವೂ ನಿಜವಾದ ಜಾಗಗಳು. ಸೆಟ್ ಹಾಕಿ ತೆಗೆದಿದ್ದರೆ ಈ ನಂಟು ಬೆಳೆಯುತ್ತಿರಲಿಲ್ಲ.

ಕ್ರಿಸ್‌ಮಸ್ ದಿನವೇ ಯಾಕೆ ಅಂತಲೂ ಹಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ಅವತ್ತು ರೈಲು ಓಡುವುದಿಲ್ಲ, ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮಧ್ಯಾಹ್ನದ ಊಟ ಭಾರಿ. ಸಂಜೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ಸೋಫಾದಲ್ಲಿ. ‘ರೇಡಿಯೊ ಟೈಮ್ಸ್’ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆ ತಂದು, ನೋಡಬೇಕಾದ ಕಾರ್ಯಕ್ರಮಗಳಿಗೆ ಪೆನ್ನಿನಲ್ಲಿ ಸುತ್ತುಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಚಾನೆಲ್‌ಗಳು ತಮ್ಮ ತುರುಪಿನ ಎಲೆ ಇಳಿಸುವುದು ಅವತ್ತೇ.

2024ರ ಡಿಸೆಂಬರ್ 25ರಂದು ನೇರವಾಗಿ ನೋಡಿದವರು 1 ಕೋಟಿ 23 ಲಕ್ಷ. ಒಂದು ವಾರದಲ್ಲಿ ಆಮೇಲೆ ನೋಡಿದವರನ್ನೂ ಸೇರಿಸಿದರೆ ಲೆಕ್ಕ 1 ಕೋಟಿ 90 ಲಕ್ಷ ದಾಟಿತು. ಕಥೆ ಏನು? ಸ್ಮಿಥಿ ಬೇರೊಬ್ಬಳನ್ನು, ಸೋನಿಯಾ ಅನ್ನುವವಳನ್ನು, ಮದುವೆಯಾಗಲು ನಿಂತಿದ್ದಾನೆ. ಆಕ್ಷೇಪ ಯಾರದಾದರೂ ಇದೆಯೇ ಅಂತ ಕೇಳುವ ಹೊತ್ತಿಗೆ, ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡು ಸುಮ್ನೆ ಇದ್ದ ಗ್ಯಾವಿನ್‌ನ ಅಪ್ಪ ಮಿಕ್ ಎದ್ದು ನಿಲ್ಲುತ್ತಾನೆ. ಆಮೇಲೆ ಉಳಿದವರೂ ಎದ್ದು ನಿಲ್ಲುತ್ತಾರೆ. ಅಲ್ಲಿಂದ ಹಡಗು ಹತ್ತಿ ಹೊರಟ ನೆಸಳನ್ನು ತಡೆಯಲು ಸೌತಾಂಪ್ಟನ್ ಬಂದರಿಗೆ ಓಟ. ಕೊನೆಗೆ ಇಬ್ಬರ ಮದುವೆ. ಅಭಿಮಾನಿಗಳು ಅತ್ತಿದ್ದು ಕಥೆಗೆ ಮಾತ್ರ ಅಲ್ಲ. ಇವರ ಮಗ ನೀಲ್‌ನ ಪಾತ್ರಕ್ಕೆ ಪುಟ್ಟವನಿದ್ದಾಗ ಬಂದ ಹುಡುಗನೇ 2019ರಲ್ಲೂ ಇದ್ದ, 2024ರಲ್ಲೂ ಇದ್ದ. ‘ನೀಲ್ ದಿ ಬೇಬಿ’ ಅಂತ ಎಲ್ಲರೂ ಕರೆಯುತ್ತಿದ್ದವನು ಎದೆಮಟ್ಟ ಬೆಳೆದು ನಿಂತಿದ್ದ. ನೋಡುಗರ ಮನೆಯಲ್ಲೂ ಅಷ್ಟೇ ವರ್ಷ ಕಳೆದಿದ್ದವು.

ಒಂದನ್ನು ಮಾತ್ರ ಬರಹಗಾರರು ಕೊನೆಗೂ ಬಿಟ್ಟುಕೊಡಲಿಲ್ಲ. ಸ್ಟೇಸಿಯ ಚಿಕ್ಕಪ್ಪ ಅಂಕಲ್ ಬ್ರಿನ್ ಮತ್ತು ಅವಳ ಅಣ್ಣ ಜೇಸನ್ ಒಮ್ಮೆ ಮೀನು ಹಿಡಿಯಲು ಹೋದಾಗ ಏನಾಯಿತು? ಮೊದಲಿನಿಂದಲೂ ಆ ಮಾತೆತ್ತಿದರೆ ಇಬ್ಬರೂ ಮುಖ ತಿರುಗಿಸುತ್ತಾರೆ. ಕೊನೆಯ ಕಂತಿನಲ್ಲಾದರೂ ಹೇಳುತ್ತಾರೆ ಅಂತ ಕಾದವರಿಗೆ ಕೈಗೆ ಬಂದದ್ದು ಚೊಂಬು. ಅದಕ್ಕೆ ಗೊಣಗಿದವರಿಗಿಂತ ಮೆಚ್ಚಿದವರೇ ಜಾಸ್ತಿ ಕಂಡರು. ಎಲ್ಲಿ ಉತ್ತರ ಕೊಡಬೇಕು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಅನ್ನುವುದು ಇವರಿಗೆ ಗೊತ್ತಿತ್ತು.

ಉಳಿದ ಉದಾಹರಣೆಗಳೂ ಇದೇ ದಾರಿಯಲ್ಲಿವೆ. ಬಾಹ್ಯಾಕಾಶದ ‘ರೆಡ್ ಡ್ವಾರ್ಫ್’ 1999ರಲ್ಲಿ ಬಿಬಿಸಿಯಲ್ಲಿ ನಿಂತಾಗ ಕಥೆ ನಡುನೀರಿನಲ್ಲಿತ್ತು. ಹಾಗಾಗಿ 2009ರಲ್ಲಿ ಡೇವ್ ಚಾನೆಲ್‌ನಲ್ಲಿ ಅದೇ ನಾಲ್ವರು ನಟರ ಜೊತೆ ಬಂದಾಗ ಅಭಿಮಾನಿಗಳು ಗುಣಮಟ್ಟದ ಬಗ್ಗೆ ಜಗಳವಾಡಿದರು, ಬರಲೇಬಾರದಿತ್ತು ಅನ್ನಲಿಲ್ಲ. ‘ಯೆಸ್, ಪ್ರೈಮ್ ಮಿನಿಸ್ಟರ್’ 2013ರಲ್ಲಿ ಹೊಸ ನಟರೊಂದಿಗೆ ಬಂತು. ಮೊದಲು ಆ ಪಾತ್ರಗಳನ್ನು ಮಾಡಿದ್ದ ಪಾಲ್ ಎಡಿಂಗ್ಟನ್ ಮತ್ತು ನೈಜೆಲ್ ಹಾಥಾರ್ನ್ ಇಬ್ಬರೂ ಆಗ ಬದುಕಿರಲಿಲ್ಲ. ಅವರ ಮುಖ ಬಿಟ್ಟು ಆ ಪಾತ್ರಗಳನ್ನು ಯಾರು ಒಪ್ಪುತ್ತಾರೆ? 6 ಕಂತಿಗೇ ಮುಗಿಯಿತು. ನಮ್ಮಲ್ಲಿ ಬಹಳ ಜನ ನೋಡಿರುವ ‘ಮೈಂಡ್ ಯುವರ್ ಲ್ಯಾಂಗ್ವೇಜ್’ 1979ರಲ್ಲಿ ನಿಂತು 1986ರಲ್ಲಿ 13 ಕಂತು ಮತ್ತೆ ಬಂದಿತ್ತು. ಬ್ರಿಟನ್ನಿನ ಎಲ್ಲ ಪ್ರದೇಶಗಳಲ್ಲೂ ಅದು ಪ್ರಸಾರವೇ ಆಗಲಿಲ್ಲ, ಹಾಗಾಗಿ ಅಲ್ಲಿ ಎಷ್ಟೋ ಜನಕ್ಕೆ ಬಂದದ್ದೇ ಗೊತ್ತಾಗಲಿಲ್ಲ.

2023ರಲ್ಲಿ ಜಾನ್ ಕ್ಲೀಸ್ ಮಗಳ ಜೊತೆ ಸೇರಿ ‘ಫಾಲ್ಟಿ ಟವರ್ಸ್’ ಮತ್ತೆ ಮಾಡುತ್ತೇನೆ ಅಂದಾಗ ಎದ್ದ ಗದ್ದಲವೂ ಈಗ ಅರ್ಥವಾಗಬಹುದು. ಆ 12 ಕಂತಿನಲ್ಲಿ ಬಾಕಿ ಉಳಿದದ್ದು ಏನೂ ಇಲ್ಲ. ಅದರ ನಾಯಕ ಬೇಸಿಲ್ ಫಾಲ್ಟಿ ಮುಂದೆ ಏನಾದ ಅಂತ ಯಾರೂ ಕೇಳುತ್ತಿರಲಿಲ್ಲ. ಹಳೇ ಕಂತುಗಳನ್ನೇ ಹೊಲಿದು ಮಾಡಿದ ನಾಟಕ 2024ರಲ್ಲಿ ಲಂಡನ್ನಿನಲ್ಲಿ ನಡೆದಾಗ ಮಾತ್ರ ಜನ ಖುಷಿಯಿಂದ ಟಿಕೆಟ್ ತೆಗೆದುಕೊಂಡರು.

ನೀವು ‘ಗ್ಯಾವಿನ್ ಅಂಡ್ ಸ್ಟೇಸಿ’ ಇನ್ನೂ ನೋಡಿಲ್ಲ ಅಂದರೆ ನೇರ 2024ರ ಕಂತಿಗೆ ಹಾರಬೇಡಿ, ಮಿಕ್ ಎದ್ದು ನಿಂತರೆ ಏನು ಮಹಾ ಅನ್ನಿಸುತ್ತದೆ. ಮೊದಲ ಸೀರೀಸಿನ 6 ಕಂತು ನೋಡಿ, ಒಂದೊಂದು ಅರ್ಧ ಗಂಟೆ. ವೇಲ್ಸ್‌ನವರ ಉಚ್ಚಾರಣೆ ಮೊದಮೊದಲು ಕಿವಿಗೆ ಹತ್ತುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.