ತಿಂಗಳಿಗೊಮ್ಮೆ ತಪ್ಪದೆ ಬರುವ ಜ್ವರ: ನಮ್ಮ ಮಗುವಿಗೆ ಏನಾಗಿದೆ?

ಪ್ರಶ್ನೆ: ಮಗಳಿಗೆ ಮೂರು ವರ್ಷ ಎರಡು ತಿಂಗಳು. ಎಂಟು ತಿಂಗಳಿಂದ ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಜ್ವರ ಬರುತ್ತಿದೆ. 103 ಡಿಗ್ರಿಗೆ ಏರುತ್ತದೆ, ನಾಲ್ಕು ದಿನ ಕಾಡುತ್ತದೆ, ಬಂದ ಹಾಗೆಯೇ ಹೋಗುತ್ತದೆ. ಪ್ರತಿ ಸಲವೂ ಗಂಟಲು ಕೆಂಪಾಗಿದೆ ಎಂದು ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ. ರಕ್ತ, ಮೂತ್ರ, ಎಕ್ಸ್‌ರೇ ಎಲ್ಲ ಮಾಡಿಸಿದೆವು, ಏನೂ ಸಿಗಲಿಲ್ಲ. ಅತ್ತೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ, ಪಕ್ಕದ ಮನೆಯವರು ಮಗುವಿಗೆ ರೋಗನಿರೋಧಕ ಶಕ್ತಿಯೇ ಇಲ್ಲ ಎನ್ನುತ್ತಾರೆ. ಏನೂ ಇಲ್ಲದಿದ್ದರೆ ಜ್ವರ ಯಾಕೆ ಬರುತ್ತದೆ? ಮುಂದಿನ ತಿಂಗಳು ತವರಿನಲ್ಲಿ ಜಾತ್ರೆ. ಹೊರಡುವುದಕ್ಕೂ ಧೈರ್ಯ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ‘ಹೆಚ್ಚು ಕಡಿಮೆ ತಿಂಗಳಿಗೊಮ್ಮೆ’ ಎಂಬ ಮಾತಿನಲ್ಲಿ. ಈ ಹೆಚ್ಚು ಎಷ್ಟು, ಕಡಿಮೆ ಎಷ್ಟು? ಒಮ್ಮೆ 12 ದಿನಕ್ಕೆ, ಇನ್ನೊಮ್ಮೆ 45 ದಿನಕ್ಕೆ ಬರುವ ಜ್ವರ ಒಂದು ಕಥೆ ಹೇಳುತ್ತದೆ. 27, 28, 29 ಎಂದು ಗಡಿಯಾರ ನೋಡಿಕೊಂಡು ಬರುವ ಜ್ವರ ಬೇರೆಯದೇ ಕಥೆ ಹೇಳುತ್ತದೆ. ರಕ್ತಪರೀಕ್ಷೆಯ ಕಾಗದದಲ್ಲಿ ಆ ಅಂತರ ಕಾಣುವುದಿಲ್ಲ, ಏಕೆಂದರೆ ಪರೀಕ್ಷೆ ಆ ಒಂದು ದಿನದ್ದು. ತಿಂಗಳುಗಳನ್ನು ಒಟ್ಟಿಗೆ ನೋಡಬಲ್ಲವರು ಮನೆಯವರು ಮಾತ್ರ.

ನಾನು ವೈದ್ಯೆಯಲ್ಲ. ಆದರೆ ನನ್ನ ಮಗನ ಎರಡನೇ ವರ್ಷದಿಂದ ಆರನೇ ವರ್ಷದ ತನಕ ನಮ್ಮ ಮನೆ ಇಂಥದೇ ಜ್ವರದ ಜೊತೆ ಬದುಕಿದೆ. ನಾಲ್ವರು ವೈದ್ಯರನ್ನು ಕಂಡಿದ್ದೆವು. ಐದನೆಯವರು ನಮ್ಮ ದಪ್ಪ ಫೈಲನ್ನು ಪಕ್ಕಕ್ಕಿಟ್ಟು, “ಜ್ವರ ಶುರುವಾದ ತಾರೀಖುಗಳು ಗೊತ್ತೇ?” ಎಂದು ಕೇಳಿದರು. ಗೊತ್ತಿರಲಿಲ್ಲ. ಮನೆಗೆ ಬಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ಇದ್ದದ್ದು ಹಾಲಿನ ಲೆಕ್ಕ. ದಿನವೂ ‘1’ ಎಂದು ಬರೆದಿರುತ್ತಿತ್ತು, ಮಗನಿಗೆ ಜ್ವರ ಬಂದು ಅವನು ಹಾಲು ಮುಟ್ಟದ ದಿನಗಳಲ್ಲಿ ‘½’. ಹಾಳೆ ತಿರುವುತ್ತ ಹೋದೆ. ಪ್ರತಿ ತಿಂಗಳೂ ಸಾಲಾಗಿ ನಾಲ್ಕು ‘½’. ಒಂದು ಗುಂಪಿನಿಂದ ಮುಂದಿನ ಗುಂಪಿಗೆ 28 ದಿನ, 27 ದಿನ, 29 ದಿನ, ಮತ್ತೆ 28. ಆ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಹಾಗೆಯೇ ಸುರುಳಿ ಸುತ್ತಿಕೊಂಡು ಆಸ್ಪತ್ರೆಗೆ ಹೋದೆ. ಅಷ್ಟು ಹಣ ಸುರಿದ ಪರೀಕ್ಷೆಗಳು ಹೇಳದಿದ್ದುದನ್ನು ಹಾಲಿನ ಲೆಕ್ಕ ಹೇಳಿತ್ತು.

ಮೊದಲು ಸಾಮಾನ್ಯ ಕಾರಣವನ್ನು ನೋಡೋಣ. ಅಂಗನವಾಡಿ, ಶಿಶುವಿಹಾರಕ್ಕೆ ಕಾಲಿಟ್ಟ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಬಾರಿ ವೈರಲ್ ಸೋಂಕು ತಗಲುವುದು ಸಹಜ, ಕೆಲವು ಮಕ್ಕಳಿಗೆ ಹತ್ತು ಹನ್ನೆರಡು ಬಾರಿಯೂ ಆಗುತ್ತದೆ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಬರುವುದರಿಂದ ‘ಜ್ವರ ಬಿಡುತ್ತಲೇ ಇಲ್ಲ’ ಎಂದು ತಾಯಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಇಂಥ ಜ್ವರಗಳ ಗುರುತೆಂದರೆ ನೆಗಡಿ, ಕೆಮ್ಮು, ಸುರಿಯುವ ಮೂಗು. ಮನೆಯಲ್ಲಿ ಅಣ್ಣನಿಗೋ ಅಪ್ಪನಿಗೋ ಅದೇ ವಾರ ಗಂಟಲು ಕೆರೆಯುತ್ತಿರುತ್ತದೆ. ಬರುವ ದಿನಕ್ಕೆ ಲೆಕ್ಕವಿರುವುದಿಲ್ಲ. ಮೇ ತಿಂಗಳ ರಜೆಯಲ್ಲಿ ಕಡಿಮೆಯಾಗಿ, ಮಳೆಗಾಲದಲ್ಲಿ ಶಾಲೆ ಶುರುವಾದೊಡನೆ ಮತ್ತೆ ಹೆಚ್ಚುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ.

ನೆಗಡಿ ಕೆಮ್ಮು ಇಲ್ಲದೆ, ಮನೆಯಲ್ಲಿ ಬೇರೆ ಯಾರಿಗೂ ಹರಡದೆ, ಮೂರರಿಂದ ಆರು ವಾರಕ್ಕೊಮ್ಮೆ ಹಠಾತ್ತನೆ 102, 104 ಡಿಗ್ರಿಗೆ ಏರಿ, ಮೂರರಿಂದ ಆರು ದಿನ ಇದ್ದು, ತಾನಾಗಿಯೇ ಇಳಿಯುವ ಜ್ವರವಾದರೆ ವೈದ್ಯರು ಪಿಎಫ್‌ಎಪಿಎ ಎಂಬ ಸ್ಥಿತಿಯನ್ನು ಯೋಚಿಸಬೇಕು. ನಿಯತಕಾಲಿಕ ಜ್ವರ, ಬಾಯಿಹುಣ್ಣು, ಗಂಟಲುರಿ, ಕುತ್ತಿಗೆಯ ಗಂಟು ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳಿಂದ ಆದ ಹೆಸರಿದು. 1987ರಲ್ಲಿ ಅಮೆರಿಕದ ಗ್ಯಾರಿ ಮಾರ್ಷಲ್ ಮತ್ತು ಸಂಗಡಿಗರು 12 ಮಕ್ಕಳನ್ನು ಗಮನಿಸಿ ಮೊದಲ ಬಾರಿಗೆ ಇದನ್ನು ವಿವರಿಸಿದರು. ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗುತ್ತದೆ. ಎಲ್ಲ ಮಕ್ಕಳಲ್ಲಿಯೂ ಎಲ್ಲ ಲಕ್ಷಣಗಳು ಇರುವುದಿಲ್ಲ, ಬಾಯಿಹುಣ್ಣು ಎಷ್ಟೋ ಸಲ ತುಟಿಯ ಒಳಗಡೆ ಸಾಸಿವೆಯಷ್ಟೇ ಇದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ಖಾರವಿಲ್ಲದ ಅನ್ನವನ್ನೂ ದೂಡಿದರೆ ಟಾರ್ಚ್ ಹಿಡಿದು ತುಟಿ ಮಗುಚಿ ನೋಡಿ.

ಇದರ ಮುಖ್ಯ ಲಕ್ಷಣ ಜ್ವರವಿಲ್ಲದ ದಿನಗಳಲ್ಲಿದೆ ಎಂದು ನನ್ನ ನಂಬಿಕೆ. ಜ್ವರ ಬಿಟ್ಟ ಮರುದಿನವೇ ಮಗು ಏನೂ ಆಗಿಲ್ಲವೆಂಬಂತೆ ಓಡುತ್ತದೆ, ಹಸಿವು ಮರಳುತ್ತದೆ, ತೂಕ ಏರುತ್ತದೆ. ನಿಮ್ಮ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯನ್ನು ತೆಗೆದು ನೋಡಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಅದು ಬಹಳ ದೊಡ್ಡ ಸಮಾಧಾನ. ಆ ಗೆರೆ ಮಲಗಿದ್ದರೆ ಅಥವಾ ಇಳಿದಿದ್ದರೆ ಇಲ್ಲಿ ಹೇಳುತ್ತಿರುವುದು ನಿಮ್ಮ ಮಗಳಿಗೆ ಹೊಂದುವುದಿಲ್ಲ. ಬೇರೆ ಕಾರಣ ಹುಡುಕಲೇಬೇಕು.

ಹಾಗಾದರೆ ಆ್ಯಂಟಿಬಯಾಟಿಕ್ ಕೊಟ್ಟಾಗಲೆಲ್ಲ ಜ್ವರ ಇಳಿದದ್ದು ಹೇಗೆ? ಎರಡನೇ ದಿನ ವೈದ್ಯರ ಬಳಿ ಹೋಗುತ್ತೀರಿ. ಸಿಆರ್‌ಪಿ ಎಂಬ ಉರಿಯೂತದ ಪರೀಕ್ಷೆ ಪಿಎಫ್‌ಎಪಿಎಯಲ್ಲಿಯೂ ಏರಿರುತ್ತದೆ, ಗಂಟಲೂ ಕೆಂಪಗಿರುತ್ತದೆ, ಹೀಗಾಗಿ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬರುವುದು ಸಹಜ. ಔಷಧಿ ಶುರುವಾಗುತ್ತದೆ. ನಾಲ್ಕನೇ ದಿನ ಜ್ವರ ತನ್ನ ಅವಧಿ ಮುಗಿಸಿ ತಾನೇ ಹೊರಡುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ, ಕೀರ್ತಿ ಔಷಧಿಗೆ ಸಲ್ಲುತ್ತದೆ. ನನ್ನ ಮಗ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಬಾರಿ ಆ್ಯಂಟಿಬಯಾಟಿಕ್ ಕುಡಿದ. ಈಗಲೂ ನೆನೆದರೆ ಸಂಕಟವಾಗುತ್ತದೆ. ಮುಂದಿನ ಬಾರಿ ಔಷಧಿ ಶುರುಮಾಡುವ ಮುನ್ನ ಗಂಟಲಿನ ದ್ರವದ ಕಲ್ಚರ್, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಬಹುದೇ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಒಂದು ವಿಡಾಲ್ ಪರೀಕ್ಷೆಯನ್ನು ನಂಬಿ ಟೈಫಾಯ್ಡ್ ಎಂದುಬಿಡುವುದೂ ನಮ್ಮಲ್ಲಿ ಬಹಳ ನಡೆಯುತ್ತದೆ. ಟೈಫಾಯ್ಡ್‌ಗೆ ನೆಚ್ಚಬಹುದಾದ ಪರೀಕ್ಷೆ ರಕ್ತದ ಕಲ್ಚರ್, ಅದೂ ಆ್ಯಂಟಿಬಯಾಟಿಕ್ ಹೊಟ್ಟೆಗೆ ಬೀಳುವ ಮೊದಲು.

ಪಕ್ಕದ ಮನೆಯವರ ಮಾತಿಗೆ ಬರೋಣ. ಪಿಎಫ್‌ಎಪಿಎಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿರುವುದಿಲ್ಲ. ಕಳ್ಳನಿಲ್ಲದಿದ್ದರೂ ಕಾವಲುಗಾರ ಎದ್ದು ಕೂಗುವ ಹಾಗೆ, ಸೋಂಕು ಇಲ್ಲದಿದ್ದರೂ ದೇಹದ ಜನ್ಮಜಾತ ರಕ್ಷಣಾ ವ್ಯವಸ್ಥೆ ಆಗಾಗ ಎಚ್ಚರಗೊಂಡು ಜ್ವರ ಎಬ್ಬಿಸುತ್ತದೆ. ಯಾಕೆ ಹೀಗೆ, ಅದೂ ಇಷ್ಟು ಕರಾರುವಾಕ್ಕಾಗಿ, ಎಂಬುದನ್ನು ವಿಜ್ಞಾನ ಇನ್ನೂ ಪೂರ್ತಿ ಬಿಡಿಸಿಲ್ಲ. ಕೆಲವು ಕುಟುಂಬಗಳಲ್ಲಿ ಇದು ಹಿಂದಿನ ತಲೆಮಾರಿನಲ್ಲಿಯೂ ಕಾಣುತ್ತದೆ. ಆದ್ದರಿಂದ ದೃಷ್ಟಿಯ ವಿಷಯದಲ್ಲಿ ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ಮಗುವಿಗೆ ತೊಂದರೆಯಿಲ್ಲ. ಬದಲಿಗೆ ಅವರನ್ನು, “ನಿಮ್ಮ ಮಗನಿಗೆ ಚಿಕ್ಕಂದಿನಲ್ಲಿ ಪದೇ ಪದೇ ಟಾನ್ಸಿಲ್ ಜ್ವರ ಬರುತ್ತಿತ್ತೇ?” ಎಂದು ಕೇಳಿ. ನಮ್ಮ ಅತ್ತೆ ಆ ಪ್ರಶ್ನೆಗೆ ಕೈಲಿದ್ದ ಸೌಟು ಕೆಳಗಿಟ್ಟು, “ಅಯ್ಯೋ, ಇವನಿಗೆ ಏಳು ವರ್ಷದ ತನಕ ಅದೇ ಗೋಳು!” ಎಂದರು. ಅಂದಿನಿಂದ ಜ್ವರದ ತಾರೀಖು ಬರೆಯುವ ಕೆಲಸ ಅವರದಾಯಿತು.

ಆದರೆ ಇದು ಪಿಎಫ್‌ಎಪಿಎಯೇ ಎಂದು ನಾನಾಗಲಿ ನೀವಾಗಲಿ ತೀರ್ಮಾನಿಸುವಂತಿಲ್ಲ. ಇದನ್ನು ಸಾಬೀತುಮಾಡುವ ಪರೀಕ್ಷೆಯೇ ಇಲ್ಲ, ಬೇರೆಯವನ್ನು ಒಂದೊಂದಾಗಿ ತಳ್ಳಿಹಾಕಿ ಇಲ್ಲಿಗೆ ಬರಬೇಕು. ಚಿಕ್ಕ ಮಕ್ಕಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಮೂತ್ರದ ಸೋಂಕು ಬರೀ ಜ್ವರವಾಗಿ ಮರಳಿ ಮರಳಿ ಬರಬಹುದು. ಮೂತ್ರದ ಕಲ್ಚರನ್ನು ಜ್ವರವಿರುವಾಗಲೇ ಕೊಡಬೇಕು. ಮಂಗಳೂರಿನಂಥ ಮಲೇರಿಯಾ ಕಾಡಿದ ಊರಿನಲ್ಲಿದ್ದರೆ ಅಥವಾ ಹೋಗಿಬಂದಿದ್ದರೆ ಅದನ್ನು ಹೇಳಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ವಾರ, ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ, ಪೂರ್ತಿ ಚಿಕಿತ್ಸೆಯಾಗದಿದ್ದರೆ ಮತ್ತೂ ಬರುತ್ತದೆ. ಸರಿಯಾಗಿ 21 ದಿನಕ್ಕೊಮ್ಮೆ ಜ್ವರ, ಬಾಯಿಹುಣ್ಣು, ಒಸಡಿನ ಊತ ಕಂಡರೆ ಬಿಳಿ ರಕ್ತಕಣಗಳು ಆವರ್ತನದಲ್ಲಿ ಕುಸಿಯುವ ಅಪರೂಪದ ಕಾಯಿಲೆಯೊಂದಿದೆ. ಅದನ್ನು ಹಿಡಿಯಲು ಒಂದು ಬಾರಿಯ ರಕ್ತಪರೀಕ್ಷೆ ಸಾಲದು, ಆರು ವಾರಗಳ ಕಾಲ ವಾರಕ್ಕೆ ಎರಡು ಮೂರು ಬಾರಿ ಎಣಿಸಬೇಕು. ಹುಟ್ಟಿದ ಮೊದಲ ವರ್ಷದಲ್ಲಿಯೇ ಶುರುವಾದ, ಲಸಿಕೆ ಹಾಕಿಸಿದಾಗಲೆಲ್ಲ ಕೆರಳುವ, ಮೈಮೇಲೆ ದದ್ದು ಅಥವಾ ತೀವ್ರ ಹೊಟ್ಟೆನೋವು ತರುವ ಜ್ವರಗಳ ಹಿಂದೆ ಒಂದೇ ಜೀನ್‌ನ ದೋಷವಿರಬಹುದು. ಅದು ಮಕ್ಕಳ ಸಂಧಿವಾತ ಅಥವಾ ರೋಗನಿರೋಧಕ ತಜ್ಞರ ಕೆಲಸ.

ಮಗು ಬಿಳಿಚಿಕೊಂಡಿದ್ದರೆ, ಕಾಲಿನ ಎಲುಬು ನೋಯುತ್ತದೆಂದು ರಾತ್ರಿ ಅಳುತ್ತಿದ್ದರೆ, ಏಟು ಬೀಳದೆಯೇ ನೀಲಿ ಕಲೆಗಳೇಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಕೆಮ್ಮುತ್ತಿದ್ದರೆ ತಡಮಾಡಬೇಡಿ. ರಕ್ತದ ಕ್ಯಾನ್ಸರ್, ಕ್ಷಯ ಇಂಥ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಅದೇ ಗಳಿಗೆ ಆಸ್ಪತ್ರೆಗೆ. ಯಾವುದೇ ವಯಸ್ಸಿನ ಮಗುವಿಗೆ ಉಸಿರು ಸೆಳೆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ಎಂಟು ಗಂಟೆ ಮೂತ್ರವಾಗದಿದ್ದರೆ ಸಹ ಹಾಗೆಯೇ. ಲೆಕ್ಕ ತಪ್ಪಿ ಬಂದ ಜ್ವರವನ್ನು ಹೊಸ ಜ್ವರವೆಂದೇ ನೋಡಿ, ಏಕೆಂದರೆ ಪಿಎಫ್‌ಎಪಿಎ ಇರುವ ಮಗುವಿಗೂ ಡೆಂಗಿ ಬರುತ್ತದೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ.

ಈಗ ರಾತ್ರಿ ಎರಡು ಗಂಟೆಯ ಮಾತು. ಈ ಜ್ವರಕ್ಕೆ ಪ್ಯಾರಾಸಿಟಮಾಲ್ ಅಷ್ಟಾಗಿ ಬಗ್ಗುವುದಿಲ್ಲ. ಕೊಟ್ಟಾಗ ಸ್ವಲ್ಪ ಇಳಿದು ಮತ್ತೆ ಏರುತ್ತದೆ, ಆಗಲೇ ಗಾಬರಿಯಲ್ಲಿ ಕೈ ತಪ್ಪುವುದು. ಅಳತೆ ಮಗುವಿನ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಬಾರಿಯ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚಿಲ್ಲ. 12 ಕಿಲೋ ಮಗುವಿಗೆ ಸುಮಾರು 150 ಮಿಲಿಗ್ರಾಂ ಆಯಿತು. ನಿಮ್ಮ ಮನೆಯ ಬಾಟಲಿಗಳನ್ನು ಬೆಳಕಿಗೆ ಹಿಡಿದು ಓದಿ. 5 ಎಂ.ಎಲ್.ಗೆ 250 ಮಿಲಿಗ್ರಾಂ ಎಂದಿರುವ ಸಿರಪ್‌ನಲ್ಲಿ ಇದು 3 ಎಂ.ಎಲ್., 5 ಎಂ.ಎಲ್.ಗೆ 120 ಎಂದಿರುವುದರಲ್ಲಿ ಸುಮಾರು 6 ಎಂ.ಎಲ್., 1 ಎಂ.ಎಲ್.ಗೆ 100 ಎಂದಿರುವ ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ ಎಂ.ಎಲ್. ಕತ್ತಲಲ್ಲಿ ಸಿರಪ್ ಎಂದುಕೊಂಡು ಡ್ರಾಪ್ಸ್ 6 ಎಂ.ಎಲ್. ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ನಾನು ಒಂದು ಬಾಟಲಿಯನ್ನು ಮಾತ್ರ ಇಟ್ಟುಕೊಂಡು, ಉಳಿದವನ್ನು ಎಸೆದು, ಬಾಟಲಿಗೆ ಬಿಳಿ ಟೇಪು ಸುತ್ತಿ ಅಳತೆಯನ್ನು ದೊಡ್ಡದಾಗಿ ಬರೆದಿಟ್ಟಿದ್ದೆ. ಐಬುಪ್ರೊಫೆನ್, ಮೆಫೆನಮಿಕ್ ಆ್ಯಸಿಡ್‌ಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಡೆಂಗಿ ಕಾಲದಲ್ಲಂತೂ ಬೇಡವೇ ಬೇಡ. ಕಂಬಳಿ ಹೊದಿಸಿ ಬೆವರಿಳಿಸುವುದು ಬೇಡ, ತಣ್ಣೀರು ಸುರಿಯುವುದೂ ಬೇಡ. ತೆಳುವಾದ ಹತ್ತಿ ಬಟ್ಟೆ, ಗುಟುಕು ಗುಟುಕಾಗಿ ಗಂಜಿ ತಿಳಿ, ಎಳನೀರು ಸಾಕು.

ಪಿಎಫ್‌ಎಪಿಎ ಎಂದು ವೈದ್ಯರಿಗೆ ಖಚಿತವಾದರೆ ಜ್ವರ ಶುರುವಾದಾಗ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಔಷಧಿಯನ್ನು ಒಂದೇ ಡೋಸ್ ಕೊಡುವುದುಂಟು. ಕೆಲವೇ ಗಂಟೆಗಳಲ್ಲಿ ಜ್ವರ ಜಾರುವುದನ್ನು ನೋಡಿದರೆ ನಂಬಲಾಗುವುದಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಮುಂದಿನ ಜ್ವರ ಬೇಗ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ರೋಗ ಯಾವುದೆಂದು ತಿಳಿಯುವ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ರಕ್ತದ ಕ್ಯಾನ್ಸರಿನಂಥ ಕಾಯಿಲೆ ಮರೆಯಾಗಿ ಉಳಿಯಬಹುದು. ಅಂಗಡಿಯಿಂದ ತಂದು ಕೊಡುವ ಔಷಧಿ ಇದಲ್ಲ. ಜ್ವರಗಳ ನಡುವಿನ ಅಂತರ ಹಿಗ್ಗಿಸಲು ಕೆಲವರಿಗೆ ಕೊಲ್ಚಿಸಿನ್ ಎಂಬ ಔಷಧಿ ಕೊಡುತ್ತಾರೆ. ಟಾನ್ಸಿಲ್ ತೆಗೆಸಿದರೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆಂದು ಫಿನ್ಲೆಂಡ್, ಇಟಲಿಯ ಸಣ್ಣ ಪ್ರಯೋಗಗಳು ತೋರಿಸಿವೆ. ಏನೂ ಮಾಡದೆ ಕಾಯುವುದೂ ಒಂದು ದಾರಿ, ಏಕೆಂದರೆ ಬಹುಪಾಲು ಮಕ್ಕಳಲ್ಲಿ ಇದು ಹತ್ತು ವರ್ಷದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ನಾವು ಕಾದೆವು. ಕಾಯುವುದು ಸುಲಭವಾಗಿತ್ತು ಎಂದು ಹೇಳುವುದಿಲ್ಲ. ತಿಂಗಳಿಗೆ ನಾಲ್ಕು ರಜೆ, ಬೆಳಗಿನ ಜಾವದ ತನಕ ಹಣೆ ಮುಟ್ಟಿ ನೋಡುವ ಕೈ, ‘ಮತ್ತೆ ಜ್ವರವೇ?’ ಎಂಬ ಪ್ರಶ್ನೆಯಲ್ಲಿ ಅಡಗಿರುವ ದೂರು, ಇವೆಲ್ಲ ಇದ್ದವು. ನಿಮ್ಮ ಆರೈಕೆಯ ಕೊರತೆಯಿಂದ ಈ ಜ್ವರ ಬರುತ್ತಿಲ್ಲ, ಇದನ್ನು ಮಾತ್ರ ನಂಬಿ.

ಇವತ್ತಿನಿಂದಲೇ ಬರೆಯಲು ಶುರುಮಾಡಿ. ಜ್ವರ ಶುರುವಾದ ದಿನ, ಬಿಟ್ಟ ದಿನ, ಥರ್ಮಾಮೀಟರ್ ತೋರಿಸಿದ ಅತಿ ಹೆಚ್ಚಿನ ಅಂಕಿ, ಬಾಯಿ, ಗಂಟಲು, ಕುತ್ತಿಗೆಯಲ್ಲಿ ಕಂಡದ್ದು, ಕೊಟ್ಟ ಔಷಧಿ, ತಿಂಗಳಿಗೊಮ್ಮೆ ತೂಕ. ಹಳೆಯ ಎಂಟು ತಿಂಗಳನ್ನೂ ಔಷಧಿ ಚೀಟಿ, ಅಂಗನವಾಡಿಯ ಹಾಜರಿ, ಮೊಬೈಲಿನ ಫೋಟೊ, ನಿಮ್ಮ ರಜೆಯ ಅರ್ಜಿಗಳಿಂದ ಹೆಕ್ಕಬಹುದು. ಆ ಒಂದು ಹಾಳೆಯೊಡನೆ ಮಕ್ಕಳ ತಜ್ಞರನ್ನು ಜ್ವರವಿರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ ಕಾಣಿ. ಎರಡೂ ದಿನ ರಕ್ತಪರೀಕ್ಷೆ ಮಾಡಿಸಿ ಹೋಲಿಸಿದರೆ ಅವರಿಗೆ ಬಹಳಷ್ಟು ತಿಳಿಯುತ್ತದೆ.

ಇನ್ನು ಜಾತ್ರೆ. ಕಳೆದ ಬಾರಿ ಜ್ವರ ಶುರುವಾದ ದಿನದಿಂದ ಎಣಿಸಿ. ನಿಮ್ಮ ಮಗಳ ಅಂತರ 28 ದಿನದ ಆಸುಪಾಸಿನಲ್ಲಿದ್ದು, ಜಾತ್ರೆ ಆರನೇ ದಿನದಿಂದ 23ನೇ ದಿನದೊಳಗೆ ಬಿದ್ದರೆ ನಿಶ್ಚಿಂತೆಯಿಂದ ಹೊರಡಿ. ಆಚೆ ಈಚೆ ಬಿದ್ದರೂ ಹೊರಡಬಹುದು. ಥರ್ಮಾಮೀಟರ್, ಅಳತೆ ಬರೆದ ಆ ಒಂದು ಬಾಟಲಿ, ತಾರೀಖಿನ ಹಾಳೆ ಚೀಲದಲ್ಲಿರಲಿ, ತವರಿಗೆ ಹತ್ತಿರದ ಮಕ್ಕಳ ವೈದ್ಯರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ತೇರು ಎಳೆಯುವ ದಿನ ಜ್ವರ ಬಂದರೆ ಅವಳು ಅಜ್ಜಿಯ ಮನೆಯ ಜಗಲಿಯಲ್ಲಿ ಮಲಗಿಕೊಂಡೇ ವಾಲಗ ಕೇಳಲಿ.